ಹಾದಿಯಲ್ಲಿ ಹರಡಿರೋ ಈ ಕೆಂಪು ದಂಟಿನ ಗಿಡ ಗೋಣಿ ಸೊಪ್ಪೇ?

ನಾಲ್ಕು ಹನಿ ಮಳೆ ಬಿದ್ದು ಮತ್ತೆ ಬಿಸಿಲು ಬಂದರೆ ಸಾಕು, ಯಾರಾದರೂ ಒಂದು ಫೋಟೋ ಕಳಿಸುತ್ತಾರೆ. ಕಲ್ಲುಹಾಸಿನ ಸಂದಿಯಲ್ಲಿ ಚಾಪೆ ಹಾಸಿದಂತೆ ಹರಡಿದ ಗಿಡ, ಕೆಂಪು ದಂಟು, ಪುಟಾಣಿ ಎಲೆ. "ಇದು ಗೋಣಿ ಸೊಪ್ಪು ಅಲ್ವಾ?"

ಸಾಮಾನ್ಯವಾಗಿ ಅಲ್ಲ. ಒಂದು ದಂಟು ಮುರಿದು ನೋಡಿ. ಬಿಳಿ ಹಾಲು ಒಸರಿದರೆ ಅದು ಯೂಫೋರ್ಬಿಯಾ, ಕಳ್ಳಿಯ ಹತ್ತಿರದ ನೆಂಟ. ಗೋಣಿ ಸೊಪ್ಪಿನಲ್ಲಿ ಹಾಲು ಇರುವುದಿಲ್ಲ, ಬರೀ ನೀರಿನಂಥ ರಸ. ಹಾಲು ಕಣ್ಣಿಗೆ ತಾಗಿದರೆ ಉರಿಯುತ್ತದೆ, ಕಣ್ಣು ಮುಟ್ಟುವ ಮೊದಲು ಕೈ ತೊಳೆಯಿರಿ. ತಿನ್ನೋಕೆ ಅಂತ ಕೀಳುವವರು ಈ ಪರೀಕ್ಷೆ ಮಾಡದೆ ಮುಂದೆ ಹೋಗಲೇಬಾರದು.

ಎಲೆ ಮುಟ್ಟಿದರೂ ಗೊತ್ತಾಗುತ್ತದೆ. ಗೋಣಿ ಸೊಪ್ಪಿನ ಎಲೆ ದಪ್ಪ, ನುಣುಪು. ಬಿಸಿಲೇರಿದಾಗ ಹಳದಿ ಹೂ ಬಿಡುತ್ತದೆ. ಯೂಫೋರ್ಬಿಯಾದ ಎಲೆ ತೆಳು, ಎದುರುಬದುರು ಜೋಡಿಯಾಗಿರುತ್ತದೆ. ಎಲೆಯ ಬುಡವನ್ನು ಹತ್ತಿರದಿಂದ ನೋಡಿ: ಒಂದು ಕಡೆ ಸ್ವಲ್ಪ ಕೆಳಗೆ ಇಳಿದು ಸೊಟ್ಟಗಿರುತ್ತದೆ. ಹೂವಂತೂ ಭೂತಗನ್ನಡಿ ಇಲ್ಲದೆ ಕಾಣುವುದೇ ಕಷ್ಟ.

ಇದರಲ್ಲೂ ಯಾವ ಜಾತಿ ಅಂತ ಕೇಳಿದರೆ ಮೂರು ಮೂಲೆಯ ಕಾಯಿ ನೋಡಬೇಕು. ಕೂದಲು ಮುಖ್ಯವಾಗಿ ಏಣುಗಳ ಮೇಲಷ್ಟೇ ಇದ್ದರೆ ಯೂಫೋರ್ಬಿಯಾ ಪ್ರೋಸ್ಟ್ರಾಟಾ. ಕಾಯಿ ತುಂಬಾ ಇದ್ದರೆ ಥೈಮಿಫೋಲಿಯಾ ಇರಬಹುದು. ಎಲೆ ದೊಡ್ಡದಾಗಿ, ದಂಟು ರೋಮದಿಂದ ಕೂಡಿ ತಲೆಯೆತ್ತಿ ನಿಂತಿದ್ದರೆ ಅದು ಅಚ್ಚೆಗಿಡ. ಮೇಲಿಂದ ತೆಗೆದ ಒಂದು ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ, ಅದಕ್ಕೇ ನಾನು ಸುಮ್ನೆ ಜಾತಿಯ ಹೆಸರು ಹೇಳುವುದಿಲ್ಲ.

ಹೆಸರಿಗಿಂತ ಜಾಸ್ತಿ ನಾನು ಕೇಳುವುದು ಎಲ್ಲಿ ಬೆಳೆದಿದೆ ಅಂತ. ಕಲ್ಲಿನ ಸಂದಿ, ಜಲ್ಲಿ, ಕುಂಡದ ಅಂಚು, ಕಾಲ್ದಾರಿಯ ಗಟ್ಟಿ ಮಣ್ಣು. ಬೇರೆ ಗಿಡಗಳು ಹಿಂಜರಿಯುವ ಜಾಗಗಳೇ. ನೆಲಕ್ಕೆ ಅಂಟಿಕೊಂಡಿರುವುದರಿಂದ ಕಾಲ್ತುಳಿತಕ್ಕೆ ಅಷ್ಟಾಗಿ ಜಗ್ಗುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರವೂ ಮೇಲಿಂದಲೇ ಹಾದುಹೋಗುತ್ತದೆ. ಸುಡುವ ಬಿಸಿಲಲ್ಲೂ ಚೆನ್ನಾಗಿ ಆಹಾರ ತಯಾರಿಸಿಕೊಳ್ಳುವ ಗಿಡ ಇದು. ತಡೆಯಲಾಗದ್ದು ನೆರಳು. ಹುಲ್ಲು ದಟ್ಟವಾಗಿ ಬೆಳೆದ ಕಡೆ ಇದಕ್ಕೆ ಜಾಗ ಸಿಗುವುದಿಲ್ಲ.

ತೆಗೆಯಬೇಕಾದರೆ ಕಾಯಿ ಬಲಿಯುವ ಮೊದಲೇ, ಕೊಂಬೆಗಳೆಲ್ಲ ಕೂಡುವ ನಡುಭಾಗ ಹಿಡಿದು ಬೇರು ಸಮೇತ ಕೀಳಿ. ಕಿತ್ತಿದ್ದು ಗೋಣಿ ಸೊಪ್ಪಾದರೆ ಒದ್ದೆ ಮಣ್ಣಿನ ಮೇಲೆ ಬಿಡಬೇಡಿ. ತುಂಡಾದ ದಂಟೂ ಅಲ್ಲೇ ಬೇರು ಬಿಟ್ಟು ಮತ್ತೆ ಚಿಗುರುತ್ತದೆ.