ಅಪೊಲೊಗೆ ನಾಲ್ಕೇ ದಿನ ಸಾಕಾಗಿತ್ತು, ಚಂದ್ರಯಾನ-3ಕ್ಕೆ ನಲವತ್ತು ದಿನ ಯಾಕೆ?

ಚಂದ್ರಯಾನದ ಮಾತು ಎತ್ತಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅಪೊಲೊ-11 ಹೊರಟದ್ದು 1969ರ ಜುಲೈ 16ಕ್ಕೆ, ಇಳಿದದ್ದು 20ಕ್ಕೆ. ಚಂದ್ರಯಾನ-3 2023ರ ಜುಲೈ 14ಕ್ಕೆ ಶ್ರೀಹರಿಕೋಟಾದಿಂದ ಹೊರಟು ಆಗಸ್ಟ್ 23ಕ್ಕೆ ಇಳಿಯಿತು. ಟಿವಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: ಭೂಮಿಯ ಗುರುತ್ವವನ್ನು ಕವಣೆಯಂತೆ ಬಳಸಿ ಪುಕ್ಕಟೆ ವೇಗ ಪಡೆದರು. ಇದು ತಪ್ಪು. ತನ್ನನ್ನೇ ಸುತ್ತುವ ನೌಕೆಗೆ ಭೂಮಿ ಏನನ್ನೂ ದಾನ ಮಾಡುವುದಿಲ್ಲ. ಹತ್ತಿರ ಬರುವಾಗ ಕೊಟ್ಟ ವೇಗವನ್ನು ದೂರ ಹೋಗುವಾಗ ಪೂರ್ತಿ ವಾಪಸ್ ಪಡೆಯುತ್ತದೆ. ಕಕ್ಷೆ ದೊಡ್ಡದಾದದ್ದು ಇಂಧನ ಸುಟ್ಟು.

ಮೊದಲಿಗೆ, ಭೂಮಿಯ ಕಕ್ಷೆ ಬಿಟ್ಟು ಚಂದ್ರನ ಕಕ್ಷೆ ಸೇರಲು ಚಂದ್ರಯಾನ-3ಕ್ಕೂ ಐದು ದಿನ ಪೂರ್ತಿ ಹಿಡಿಯಲಿಲ್ಲ: ಆಗಸ್ಟ್ 1ರ ನಡುರಾತ್ರಿ ಹೊರಟು 5ರ ಸಂಜೆ ಸೇರಿತು. ಉಳಿದ ದಿನಗಳೆಲ್ಲ ಈ ತುದಿಯಲ್ಲಿ ಏರಲು, ಆ ತುದಿಯಲ್ಲಿ ಇಳಿಯಲು ಹೋದವು.

ಏರಲು ಅಷ್ಟು ದಿನ ಯಾಕೆಂದರೆ, ಎಂಜಿನ್ ಚಿಕ್ಕದು. ಸುಮಾರು 640 ಟನ್ನಿನ ಎಲ್‌ವಿಎಂ3 ರಾಕೆಟ್ ನೌಕೆಯನ್ನು ಬಿಟ್ಟದ್ದು ಹತ್ತಿರದಲ್ಲಿ 170, ದೂರದಲ್ಲಿ 36,500 ಕಿ.ಮೀ. ಇರುವ ಕಕ್ಷೆಯಲ್ಲಿ. ಅಲ್ಲಿ ಪೆರಿಜಿಯಲ್ಲಿ, ಅಂದರೆ ಭೂಮಿಗೆ ಅತಿ ಹತ್ತಿರದ ಬಿಂದುವಿನಲ್ಲಿ, ವೇಗ ಸೆಕೆಂಡಿಗೆ ಸುಮಾರು 10.3 ಕಿ.ಮೀ. ಚಂದ್ರನನ್ನು ಮುಟ್ಟಲು 10.9 ಬೇಕು. ಬಾಕಿ ಆರುನೂರು ಚಿಲ್ಲರೆ ಮೀಟರ್ ಅಷ್ಟೇ. ಆದರೆ 3,900 ಕೆ.ಜಿ. ನೌಕೆಯನ್ನು 440 ನ್ಯೂಟನ್ ಎಂಜಿನ್ ತಳ್ಳಿದರೆ ಅಷ್ಟು ವೇಗ ಕೂಡಿಸಲು ಸುಮಾರು ಒಂದೂವರೆ ಗಂಟೆ ಉರಿಸಬೇಕು. ಪೆರಿಜಿಯ ಆಸುಪಾಸಿನಲ್ಲಿ ನೌಕೆ ಇರುವುದೋ ಕೆಲವೇ ನಿಮಿಷ.

ಅಲ್ಲೇ ಯಾಕೆ ಉರಿಸಬೇಕು? ವೇಗ ಹೆಚ್ಚಿದ್ದಾಗ ಅದೇ ಇಂಧನ ಕಕ್ಷೆಗೆ ಹೆಚ್ಚು ಶಕ್ತಿ ಸೇರಿಸುತ್ತದೆ. ಆ ಮೊದಲ ಕಕ್ಷೆಯ ದೂರದ ತುದಿಯಲ್ಲಿ ವೇಗ ಸೆಕೆಂಡಿಗೆ 1.6 ಕಿ.ಮೀ. ಮಾತ್ರ, ಅಲ್ಲಿ ನೂರು ಮೀಟರ್ ಕೂಡಿಸುವುದಕ್ಕಿಂತ ಪೆರಿಜಿಯಲ್ಲಿ ಕೂಡಿಸಿದರೆ ಆರು ಪಟ್ಟು ಲಾಭ. ಹಾಗಾಗಿ ಪೆರಿಜಿಗೆ ಬಂದಾಗ ಸ್ವಲ್ಪ ಸ್ವಲ್ಪ ಉರಿಸಿ ದೂರದ ತುದಿಯನ್ನು 41,762, 51,400, 71,351 ಹೀಗೆ ಎತ್ತುತ್ತಾ 1,27,603 ಕಿ.ಮೀ.ಗೆ ಒಯ್ದರು. ಕಕ್ಷೆ ಹಿಗ್ಗಿದಂತೆ ಒಂದು ಸುತ್ತಿನ ಕಾಲವೂ ಹಿಗ್ಗುತ್ತದೆ: ಮೊದಲು ಹನ್ನೊಂದು ಗಂಟೆಯೊಳಗೆ, ಕೊನೆಗೆ ಎರಡು ದಿನಕ್ಕೂ ಮೇಲೆ. ಅಪೊಲೊದಲ್ಲಿ ಈ ಕೆಲಸವನ್ನು ಸ್ಯಾಟರ್ನ್-5ರ ಮೂರನೇ ಹಂತವೇ ಸುಮಾರು ಆರು ನಿಮಿಷದಲ್ಲಿ ಮುಗಿಸಿತ್ತು. ಆ ರಾಕೆಟ್ಟಿನ ತೂಕ 2,900 ಟನ್ ಆಸುಪಾಸು.

ನಿಧಾನಕ್ಕೆ ಒಂದು ಅನುಕೂಲವೂ ಇದೆ: ತಪ್ಪಾದರೆ ತಿದ್ದಲು ಸಮಯ ಸಿಗುತ್ತದೆ. 2013ರ ನವೆಂಬರ್ 11ರಂದು ಮಂಗಳಯಾನದ ಕಕ್ಷೆ ಎತ್ತುವಾಗ, ಕವಾಟ ತೆರೆಯುವ ಎರಡೂ ಕಾಯಿಲ್‌ಗಳಿಗೆ (ವಿದ್ಯುತ್ ಸುರುಳಿಗಳಿಗೆ) ಒಟ್ಟಿಗೆ ವಿದ್ಯುತ್ ಕೊಟ್ಟದ್ದರಿಂದ ಎಂಜಿನ್ನಿಗೆ ಇಂಧನ ಹರಿಯುವುದು ನಿಂತಿತು. ಸೆಕೆಂಡಿಗೆ 130 ಮೀಟರ್ ಸಿಗಬೇಕಿದ್ದಲ್ಲಿ 35 ಸಿಕ್ಕಿತು. ಮರುದಿನ ಇನ್ನೊಮ್ಮೆ ಉರಿಸಿ ಸರಿಪಡಿಸಿದರು.

ಇನ್ನು ಚಂದ್ರನ ಬಳಿಯ ದಿನಗಳು. ಲ್ಯಾಂಡರ್ ಓಡುವುದು ಸೌರಶಕ್ತಿಯಲ್ಲಿ, ಅಲ್ಲಿಯ ಹಗಲು ನಮ್ಮ ಹದಿನಾಲ್ಕು ದಿನ. ಇಳಿಯುವ ಜಾಗದಲ್ಲಿ ಸೂರ್ಯ ಹುಟ್ಟುವುದೇ ಆಗಸ್ಟ್ 23ಕ್ಕೆ; ಬೇಗ ಹೋಗಿದ್ದರೂ ಕಾಯಲೇಬೇಕಿತ್ತು.

ಅದೇ ತಿಂಗಳು ರಷ್ಯಾದ ಲೂನಾ-25 ಐದು ದಿನದಲ್ಲಿ ಚಂದ್ರನ ಕಕ್ಷೆ ಸೇರಿತಲ್ಲ ಎನ್ನುವವರಿಗೆ: ಅದರ ತೂಕ ಸುಮಾರು 1,750 ಕೆ.ಜಿ., ಚಂದ್ರನತ್ತ ನೇರ ತಳ್ಳಿದ್ದು ರಾಕೆಟ್ಟಿನ ಫ್ರೆಗಾಟ್ ಎಂಬ ಮೇಲಿನ ಹಂತ. ಲೂನಾ-25 ಕೊನೆಗೆ ಚಂದ್ರನ ಮೇಲೆ ಬಿದ್ದು ಒಡೆದದ್ದಕ್ಕೂ ಅವಸರದ ದಾರಿಗೂ ಸಂಬಂಧವಿಲ್ಲ. ಚಂದ್ರನ ಸುತ್ತಲ ಕಕ್ಷೆ ತಗ್ಗಿಸುವಾಗ 84 ಸೆಕೆಂಡ್ ಉರಿಯಬೇಕಿದ್ದ ಎಂಜಿನ್ 127 ಸೆಕೆಂಡ್ ಉರಿದಿತ್ತು.