ಟ್ಯೂಬಿಂಗನ್ನಿನ ಹೊತ್ತುಗಳು

ಧಾರವಾಡ, 22 ಆಗಸ್ಟ್ 2024, ಗುರುವಾರ, ರಾತ್ರಿ

ಮೂಲೆಮನೆಯ ಮಾಸ್ತರರ ಮಗಳಿಗೆ ವೀಸಾ ಬಂದಿದೆ. ಸಂಜೆ ಜಿಟಿಜಿಟಿ ಮಳೆಯಲ್ಲೇ ತಂದೆ-ಮಗಳು ಒಂದೇ ಕೊಡೆಯಡಿ ಫೇಡೆಯ ಪೊಟ್ಟಣ ಹಿಡಿದುಕೊಂಡು ಬಂದರು. ಆಕೆ ಅಕ್ಟೋಬರಿನಲ್ಲಿ ಹೋಗುತ್ತಿರುವುದು ನಾನು 2014ರಿಂದ 2016ರವರೆಗೆ ಓದಿದ ಜರ್ಮನಿಯ ಟ್ಯೂಬಿಂಗನ್ನಿಗೇ, ಅದೇ ವಿಶ್ವವಿದ್ಯಾಲಯಕ್ಕೇ. ಇಷ್ಟು ವರ್ಷಗಳಲ್ಲಿ ಆ ಊರಿನ ಹೆಸರನ್ನು ನಮ್ಮ ಪಡಸಾಲೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಎತ್ತಿದ್ದಿಲ್ಲ. ಇಂದು ಆ ಹುಡುಗಿಯ ಬಾಯಿಂದ ಅದನ್ನು ಕೇಳಿದಾಗ, ಚಹಾ ಸೋಸುತ್ತಿದ್ದ ನನ್ನ ಕೈ ಒಂದು ಕ್ಷಣ ಅಲ್ಲಿಯೇ ನಿಂತುಬಿಟ್ಟಿತು.

ಆಕೆ ಒಂದು ಹಾಳೆಯನ್ನು ಅಚ್ಚು ಹಾಕಿಸಿಕೊಂಡು ಬಂದಿದ್ದಳು. ಟ್ಯೂಬಿಂಗನ್ನಿನಲ್ಲಿ ನೋಡಲೇಬೇಕಾದ ಹತ್ತು ಸ್ಥಳಗಳು ಅದರಲ್ಲಿದ್ದವು. "ಅಕ್ಕಾರ, ಇದ್ರಾಗ ಯಾವ್ದು ನೋಡ್ಬೇಕು, ಯಾವ್ದು ಬಿಟ್ರೂ ನಡೀತದ, ಪೆನ್ಸಿಲಿನಿಂದ ಗುರುತು ಮಾಡಿ ಕೊಡ್ರಿ" ಎಂದಳು. ಮಾರುಕಟ್ಟೆಯ ಚೌಕ, ಹಳೆಯ ಪುರಭವನ, ಚರ್ಚಿನ ಗೋಪುರ, ಕೋಟೆ, ಕವಿಯ ಗೋಪುರ, ನದಿಯ ನಡುಗಡ್ಡೆ, ಎಲ್ಲವೂ ಸರಿಯಾಗಿಯೇ ಇದ್ದವು, ಒಂದೂ ತಪ್ಪಿರಲಿಲ್ಲ. ಆದರೂ ಪೆನ್ಸಿಲು ಹಿಡಿದು ಕುಳಿತವಳಿಗೆ ಗುರುತು ಹಾಕಲು ಆಗಲಿಲ್ಲ. "ಇವೆಲ್ಲವೂ ನಡೆದುಕೊಂಡು ಹೋಗುವಷ್ಟು ಹತ್ತಿರ ಹತ್ತಿರ ಇವೆ, ಮೊದಲನೇ ಶನಿವಾರವೇ ಹತ್ತನ್ನೂ ಮುಗಿಸಿಬಿಡುತ್ತೀ, ಆಮೇಲೆ ಇನ್ನೂ ಎರಡು ವರ್ಷ ಉಳಿಯುತ್ತದೆ" ಎಂದೆ. ಆಕೆಗೆ ಇದು ನಿರಾಸೆಯ ಮಾತಿನಂತೆ ಕೇಳಿಸಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಿಮಗ ಎಲ್ಲಾಕ್ಕಿಂತ ಏನ್ ಸೇರ್ತಿತ್ರಿ?" ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರೆಬರೆಯಾಯಿತು. ಆದ್ದರಿಂದಲೇ ಇಷ್ಟು ಹೊತ್ತಾದರೂ ನಿದ್ದೆ ಬಾರದೆ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಹಾಳೆಯಲ್ಲಿ ಸ್ಥಳಗಳಿದ್ದವು, ನನ್ನ ನೆನಪಿನಲ್ಲಿ ಇರುವುದು ಹೊತ್ತುಗಳು. ನೆಕರ್ ನದಿಯ ನಡುಗಡ್ಡೆಯ ಮೇಲಿರುವ ಪ್ಲಾಟಾನೆ ಮರಗಳ ಸಾಲನ್ನೇ ತೆಗೆದುಕೊಂಡರೆ, ಸುಮಾರು ಇನ್ನೂರು ವರ್ಷದ ಆ ಮರಗಳ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೆ ಹೋದವರು ಒಂದು ಚೆಂದದ ಸಾಲುಮರದ ದಾರಿಯನ್ನು ನೋಡಿ ಬರುತ್ತಾರೆ. ನವೆಂಬರಿನ ಬೆಳಿಗ್ಗೆ ಎಂಟಕ್ಕೆ, ನದಿಯಿಂದ ಎದ್ದ ಮಂಜು ಬೊಡ್ಡೆಗಳನ್ನೆಲ್ಲ ನುಂಗಿ, ನಾಲ್ಕು ಮರದಾಚೆ ಏನಿದೆ ಎಂದು ಕಾಣದಿರುವಾಗ ಹೋದವರಿಗೆ ಅದು ಬೇರೆಯದೇ ದಾರಿ. ಜುಲೈಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಆರದೆ, ಕಲ್ಲುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತವರ ಮಾತು ನೀರಿನ ಮೇಲೆ ತೇಲಿಬರುವಾಗ ಅದು ಮತ್ತೂ ಬೇರೆ. ಹೀಗಾಗಿ ಕೊನೆಗೆ ನಾನು ಮಾಡಿದ್ದು ಇಷ್ಟೇ: ಹಾಳೆಯಲ್ಲಿದ್ದ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಒಂದು ತಿಂಗಳು, ಒಂದು ಹೊತ್ತು ಬರೆದುಕೊಟ್ಟೆ.

ಪುರಭವನದ ಪಕ್ಕದಲ್ಲಿ, ಶುಕ್ರವಾರ ಬೆಳಿಗ್ಗೆ ಒಂಬತ್ತು ಎಂದು ಬರೆದೆ. ಆ ಹೊತ್ತಿಗೆ ಚೌಕದಲ್ಲಿ ಸಂತೆ ನೆರೆದಿರುತ್ತದೆ. ಸುತ್ತಲಿನ ಹಳ್ಳಿಗಳವರು ಸೇಬು, ಜೇನುತುಪ್ಪ, ಮಣ್ಣು ಮೆತ್ತಿದ ಗಜ್ಜರಿ ಹರವಿಕೊಂಡು ನಿಂತಿರುತ್ತಾರೆ. ತೋಳು ತೆಳ್ಳಗೆ, ಹೊಟ್ಟೆ ದಪ್ಪ ಇರುವ ಅಲ್ಲಿಯ ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ಡನ್ನು ನಡುವೆ ಸೀಳಿ, ಬೆಣ್ಣೆ ಸವರಿಸಿಕೊಂಡು, ಕಾರಂಜಿಯ ಕಟ್ಟೆಗೆ ಒರಗಿ ನಿಂತು ಮೇಲೆ ನೋಡಬೇಕು. 1435ರಲ್ಲಿ ಕಟ್ಟಲಾರಂಭಿಸಿದ ಆ ಕಟ್ಟಡದ ನೆತ್ತಿಯಲ್ಲಿ, ಅಲ್ಲಿಯೇ ಪ್ರಾಧ್ಯಾಪಕನಾಗಿದ್ದ ಯೋಹಾನೆಸ್ ಶ್ಟೋಫ್ಲರ್ 1511ರಲ್ಲಿ ರೂಪಿಸಿದ ಖಗೋಳ ಗಡಿಯಾರವಿದೆ. ಅದರ ಮುಳ್ಳುಗಳಲ್ಲಿ ಒಂದು ಹಾವಿನಂಥ ಮೃಗದ ಆಕಾರದ್ದು. ಸೂರ್ಯ ಚಂದ್ರರಿಗೆ ಗ್ರಹಣ ಯಾವಾಗ ಎಂಬುದನ್ನು ಅದು ತೋರಿಸುತ್ತದೆ. ಮೊದಲ ತಿಂಗಳು ಅದನ್ನು ನೋಡಿ, ಇದು ನಮ್ಮ ಪಂಚಾಂಗದ ರಾಹು-ಕೇತುವೇ ಅಲ್ಲವೇ ಎಂದು ಹೊಳೆದಾಗ ನನಗಾದ ಸಂತೋಷ ದೊಡ್ಡದು. ಗುರುತು ಪರಿಚಯವಿಲ್ಲದ ಊರಿನ ಸಂತೆಯಲ್ಲಿ, ತಲೆಯೆತ್ತಿದಲ್ಲಿ ನಮ್ಮ ಅಜ್ಜನ ಪಂಚಾಂಗ ಕಂಡಂತಾಗಿತ್ತು.

ಕೋಟೆಯ ಪಕ್ಕದಲ್ಲಿ, ಮಳೆಯ ಮಧ್ಯಾಹ್ನ ಎಂದು ಬರೆದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕುದುರೆ ಇದೆ. ಅದರ ಉದ್ದ 4.8 ಸೆಂಟಿಮೀಟರು, ಅಂದರೆ ನನ್ನ ಹೆಬ್ಬೆರಳಿಗಿಂತ ಅಷ್ಟೇನೂ ಹೆಚ್ಚಲ್ಲ. 1931ರಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ, ಮ್ಯಾಮತ್ ಆನೆಯ ದಂತದಲ್ಲಿ ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಯಾರೋ ಕೆತ್ತಿದ ಆ ಕುದುರೆಯ ಕಾಲುಗಳು ಮುರಿದುಹೋಗಿವೆ, ಆದರೆ ಕತ್ತಿನ ಬಾಗು ಹಾಗೆಯೇ ಉಳಿದಿದೆ. ಕತ್ತಲ ಕೋಣೆಯಲ್ಲಿ ಒಂದೇ ದೀಪದ ಕೆಳಗೆ ಅದರ ಎದುರು ನಿಂತರೆ, ಮೈಮೇಲಿನ ಸಣ್ಣ ಸಣ್ಣ ಗೀರುಗಳೂ ಸವೆದು ಹೊಳೆಯುವ ಬೆನ್ನೂ ಕಾಣುತ್ತವೆ. ಎಷ್ಟು ಕೈಗಳು ಅದನ್ನು ಹಿಡಿದು ಹಿಡಿದು ಹಾಗೆ ನುಣುಪಾಗಿಸಿದವೋ ಎಂದು ನಾನು ಪ್ರತಿ ಸಲವೂ ಯೋಚಿಸುತ್ತಿದ್ದೆ. ಅದೇ ಕೋಟೆಯ ಹಳೆಯ ಅಡುಗೆಮನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಯೋಗಾಲಯ ಮಾಡಿಕೊಂಡಿದ್ದರು. ಅಲ್ಲಿ 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಎಳೆಯ ವೈದ್ಯ, ಆಸ್ಪತ್ರೆಯಿಂದ ತರಿಸಿದ ಗಾಯದ ಬಟ್ಟೆಗಳ ಕೀವನ್ನು ತೊಳೆದು ತೊಳೆದು, ಜೀವಕೋಶದ ನಡುವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಇಂದು ನಾವು ಡಿಎನ್‌ಎ ಎಂದು ಕರೆಯುವುದು ಅದನ್ನೇ. ಹುಡುಗಿ ಓದಿದ್ದು ಜೀವಶಾಸ್ತ್ರ. ಇದನ್ನು ಹೇಳಿದಾಗ ಆಕೆಯ ಕಣ್ಣು ಅರಳಿದ್ದನ್ನು ನೋಡಬೇಕಿತ್ತು.

ಇಷ್ಟರಲ್ಲಿ ಮಾಸ್ತರರು ಬಾಯಿಬಿಟ್ಟರು. ಅಷ್ಟು ಹೊತ್ತೂ ಅವರು ಬಟ್ಟಲಿನ ಚಹಾ ಆರಲು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. "ನೋಡ್ ತಂಗಿ, ಅದೆಲ್ಲಾ ಖರೆ. ಆದ್ರ ಅಷ್ಟ್ ದೂರ ಒಬ್ಬಾಕಿನ ಹೆಂಗ ಇರ್ತಾಳ? ನೀ ಹೆಂಗ ಇದ್ದಿ?" ಎಂದರು.

ಮೂರು ತಿಂಗಳಿಗೊಮ್ಮೆ ಫೋನಿನ ಮುಂದೆ ಕುಳಿತು ನಮ್ಮ ಅಪ್ಪ ಕೇಳುತ್ತಿದ್ದುದೂ ಇದೇ ಮಾತನ್ನೇ. "ಆರಾಮ ಇದ್ದೆ ಕಾಕಾ, ಊರು ಸಣ್ಣದು, ಮಂದಿ ಒಳ್ಳೆಯವರು" ಎಂದುಬಿಟ್ಟೆ. ಅದು ಸುಳ್ಳಲ್ಲ. ಆದರೆ ಮೊದಲ ಚಳಿಗಾಲದಲ್ಲಿ ಸಂಜೆ ಐದಕ್ಕೆ ಮುನ್ನವೇ ಕತ್ತಲಾಗುತ್ತಿದ್ದ ದಿನಗಳಲ್ಲಿ, ಕೋಣೆಗೆ ಹೋದರೆ ಅಳು ಬರುತ್ತದೆಂದು ಗೊತ್ತಿದ್ದು, ವಿಲ್ಹೆಲ್ಮ್ ರಸ್ತೆಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ದೀಪ ಇರುವಷ್ಟು ಹೊತ್ತೂ ಕುಳಿತಿರುತ್ತಿದ್ದೆ ಎಂಬುದನ್ನು ಹೇಳಲಿಲ್ಲ. ಅಂಥ ಒಂದು ಸಂಜೆ ಕಿಟೆಲ್ಲರ ನಿಘಂಟನ್ನು ಕೇಳಿ ತರಿಸಿಕೊಂಡೆ. ಅದುವರೆಗೆ ಕಿಟೆಲ್ ಎಂದರೆ ನನಗೆ ನಮ್ಮೂರಿನ ಕಾಲೇಜಿನ ಹೆಸರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತೆಂಬುದನ್ನು ಶಾಲೆಯಲ್ಲಿ ಓದಿದ್ದೆ. ಆದರೆ ಅದನ್ನು ಮಾಡಿದವರು ಕಡೆಯ ವರ್ಷಗಳನ್ನು ನಾನು ದಿನವೂ ತಿರುಗುವ ಬೀದಿಗಳಲ್ಲಿ ಕಳೆದರೆಂಬುದಾಗಲಿ, 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ನನ್ನದೇ ವಿಶ್ವವಿದ್ಯಾಲಯವೆಂಬುದಾಗಲಿ, 1903ರಲ್ಲಿ ಅವರು ತೀರಿಕೊಂಡದ್ದು ಅದೇ ಊರಿನಲ್ಲೆಂಬುದಾಗಲಿ ನನಗೆ ತಿಳಿದದ್ದು ಆ ಚಳಿಗಾಲದಲ್ಲಿ. ಮೊದಲ ಪುಟಗಳಲ್ಲೇ 'ಅಂಗಳ' ಸಿಕ್ಕಿತು. ಅರ್ಥ ಗೊತ್ತಿದ್ದ ಶಬ್ದವನ್ನೇ ಹುಡುಕಿ ಹುಡುಕಿ ಓದುವುದು, ಶಬ್ದಗಳ ಕೆಳಗೆ ಅವರು ಸೇರಿಸಿಟ್ಟ ಗಾದೆಗಳನ್ನು ತುಟಿಯಲ್ಲೇ ಅಂದುಕೊಳ್ಳುವುದು, ಆ ಚಳಿಗಾಲದ ನನ್ನ ದಿನನಿತ್ಯದ ಕೆಲಸವಾಯಿತು. ನನಗೆ ಏನು ಸೇರುತ್ತಿತ್ತು ಎಂದು ಹುಡುಗಿ ಕೇಳಿದಾಗ ಮೊದಲು ನೆನಪಾದದ್ದು ಇದೇ. ಇದನ್ನು ಆಕೆಯ ತಂದೆಯ ಎದುರಿಗೆ ಹೇಗೆ ಹೇಳಲಿ?

ಗ್ರಂಥಾಲಯದಿಂದ ಮನೆಗೆ ಹೋಗುವಾಗ ಹೋಲ್ಸ್‌ಮಾರ್ಕ್ಟ್ ದಾಟಬೇಕು. ಹೆಸರಿನ ಅರ್ಥ ಕಟ್ಟಿಗೆಯ ಪೇಟೆ. ಬಿಸಿಲು ಬಿದ್ದ ದಿನ ಊರಿನ ವಿದ್ಯಾರ್ಥಿಗಳೆಲ್ಲ ಅಲ್ಲಿನ ಚರ್ಚಿನ ಮೆಟ್ಟಿಲ ಮೇಲೆಯೇ ಇರುತ್ತಾರೆ. ಎದುರಿಗಿನ ಹೆಕೆನ್‌ಹಾವರ್ ಪುಸ್ತಕದ ಅಂಗಡಿಯಲ್ಲಿ 1895ರಿಂದ 1899ರವರೆಗೆ, ಮುಂದೆ ಕಾದಂಬರಿಕಾರನಾಗಿ ಹೆಸರಾದ ಹರ್ಮನ್ ಹೆಸ್ಸೆ ಕೆಲಸಕ್ಕಿದ್ದ. ಮಲಯಾಳ ನಿಘಂಟಿನ ಗುಂಡರ್ಟ್ ಅವರ ಮೊಮ್ಮಗ ಅವನು. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅದೇ ವರ್ಷಗಳಲ್ಲಿ ಅದೇ ಊರಿನಲ್ಲಿ ಮುದುಕ ಕಿಟೆಲ್ಲರೂ ಇದ್ದರು. ಮೆಟ್ಟಿಲ ಮೇಲೆ ಕುಳಿತಾಗಲೆಲ್ಲ, ಪುಸ್ತಕದ ಕಟ್ಟು ಹೊತ್ತು ಅಂಗಡಿಯಿಂದ ಹೊರಬರುವ ಹುಡುಗನನ್ನೂ, ಕೋಲೂರಿಕೊಂಡು ಒಳಗೆ ಹೋಗುವ ಹಿರಿಯರನ್ನೂ ಒಟ್ಟಿಗೆ ಕಲ್ಪಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು.

ಹೋಲ್ಡರ್ಲಿನ್ ಕವಿಯ ಗೋಪುರದ ಬಗ್ಗೆ ಹೇಳಲು ಹೋಗಿ ತಡವರಿಸಿದೆ. ಮನಸ್ಸು ಕದಡಿದ ಆ ಕವಿಯನ್ನು ವೈದ್ಯರು ಇನ್ನು ಮೂರು ವರ್ಷ ಬದುಕಿದರೆ ಹೆಚ್ಚೆಂದು ಹೇಳಿ ಕೈಬಿಟ್ಟಾಗ, ಅವನ ಬರಹವನ್ನು ಓದಿ ಮೆಚ್ಚಿದ್ದ ಎರ್ನ್ಸ್ಟ್ ಸಿಮ್ಮರ್ ಎಂಬ ಬಡಗಿ 1807ರಲ್ಲಿ ತನ್ನ ಮನೆಗೆ ಕರೆದುಕೊಂಡು ಹೋದ. ಕವಿ ಅಲ್ಲಿ ಮೂವತ್ತಾರು ವರ್ಷ ಬದುಕಿದ. ಬಡಗಿ ಮೊದಲು ತೀರಿಕೊಂಡ. ಅವನ ಮಗಳು 1843ರವರೆಗೆ, ಕವಿಯ ಕೊನೆಯ ದಿನದವರೆಗೆ, ನೋಡಿಕೊಂಡಳು. ಕವಿಯ ಗೋಪುರ ಎಂದೇ ಎಲ್ಲರೂ ಅನ್ನುತ್ತಾರೆ. ನನಗೆ ಮಾತ್ರ ನದಿಯಾಚೆಯಿಂದ ಆ ಹಳದಿ ಗೋಡೆಯನ್ನು ನೋಡಿದಾಗ ನೆನಪಾಗುತ್ತಿದ್ದುದು ಬಡಗಿಯೇ. ಪರರ ಮನೆಯವನನ್ನು ಮೂವತ್ತಾರು ವರ್ಷ ಉಣಿಸಿ ಸಾಕಿದವರ ಮನೆ ಅದು. ಮಾಸ್ತರರ ಮುಖದಲ್ಲಿ 'ಮನಸ್ಸು ಕದಡಿದ' ಎಂಬ ಮಾತಿಗೇ ಗಾಬರಿ ಕಂಡು ನಾನು ಅಲ್ಲಿಗೇ ನಿಲ್ಲಿಸಿದೆ. ಬಡಗಿಯ ಭಾಗವನ್ನು ಹೇಳಿದ್ದರೆ ಅವರಿಗೆ ಧೈರ್ಯ ಬರುತ್ತಿತ್ತೋ ಏನೋ.

ಧೈರ್ಯ ಕೊಡುವ ಮಾತು ಕೊನೆಗೂ ಒಂದು ಸಿಕ್ಕಿತು. ಕೇರ್‌ವೊಖೆ ಎಂದರೆ ಗುಡಿಸುವ ವಾರ. ಆ ಶ್ವೇಬಿಯಾ ಸೀಮೆಯ ಬಾಡಿಗೆ ಮನೆಗಳಲ್ಲಿ, ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುಹಾಕಿರುತ್ತದೆ. ಅವರು ಆ ವಾರ ಮೆಟ್ಟಿಲು, ಪಾವಟಿಗೆ, ಮನೆಯ ಮುಂದಿನ ಕಾಲುದಾರಿ ಎಲ್ಲವನ್ನೂ ಗುಡಿಸಿ ಒರೆಸಬೇಕು, ಆಮೇಲೆ ಹಲಗೆಯನ್ನು ಮುಂದಿನವರ ಬಾಗಿಲಿಗೆ ದಾಟಿಸಬೇಕು. ನನ್ನ ಬಾಗಿಲಿಗೆ ಅದು ಮೊದಲ ಸಲ ಬಂದಾಗ, ಶನಿವಾರ ಬೆಳಿಗ್ಗೆ, ನೆಲಮಹಡಿಯ ಅಜ್ಜಿ ತಾವೇ ಹೊರಗೆ ಬಂದು ನಿಂತು, ಪ್ರತಿ ಮೆಟ್ಟಿಲಿನ ಎರಡು ಮೂಲೆಗಳಲ್ಲಿ ಧೂಳು ಹೇಗೆ ಕೂರುತ್ತದೆಂದು ಬೆರಳಿನಿಂದ ತೋರಿಸಿದರು. ನಾನು ಹಿಡಿಪೊರಕೆ ಹಿಡಿಯುವಂತೆ ಬಗ್ಗಿ ಗುಡಿಸುವುದನ್ನು ನೋಡಿ, "ಇದು ಯಾರು ಕಲಿಸಿದ್ದು?" ಎಂದು ಕೇಳಿದರು. ನಮ್ಮ ಅವ್ವ ಎಂದೆ. "ಒಳ್ಳೆಯ ಅವ್ವ" ಎಂದರು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಇದನ್ನು ಕೇಳಿ ಮಾಸ್ತರರು ಮೊದಲ ಸಲ ನಕ್ಕರು, ಆರಿದ ಚಹಾವನ್ನೂ ಕುಡಿದರು.

ವುರ್ಮ್‌ಲಿಂಗನ್ನಿನ ಬೆಟ್ಟದ ಗುಡಿಗೆ ಏಪ್ರಿಲ್ ಕೊನೆಯ ವಾರ ಎಂದೂ, ಬೇಬೆನ್‌ಹಾವ್ಸನ್ನಿನ ಹಳೆಯ ಮಠಕ್ಕೆ ಎಲೆ ಕೆಂಪಾಗುವ ಅಕ್ಟೋಬರ್ ಎಂದೂ ಬರೆದುಕೊಟ್ಟೆ. ಕೋಟೆಯ ಹಿಂದಿನಿಂದ ಬೆಟ್ಟದ ಏಣಿನ ಮೇಲೆಯೇ ಗುಡಿಯವರೆಗೆ ನಡೆದುಹೋದರೆ, ಒಂದು ಬದಿಗೆ ದ್ರಾಕ್ಷಿಯ ಮೆಟ್ಟಿಲುಗದ್ದೆಗಳು, ಕೆಳಗೆ ಹೂಬಿಟ್ಟ ಸೇಬಿನ ಮರಗಳು ಕಾಣುತ್ತವೆ. ಜೊತೆಗೆ ನೀರಿನ ಬಾಟಲಿ ಇರಲಿ ಎಂದೆ.

ದೋಣಿಯ ವಿಷಯ ಮಾತ್ರ ಉಳಿದುಹೋಯಿತು. ಹೊರಡುವ ಗಡಿಬಿಡಿಯಲ್ಲಿ, ಜೂನ್ ಸಂಜೆ ಎಂದಷ್ಟೇ ಬರೆದೆ. ಶ್ಟೋಖರ್‌ಕಾನ್ ಎಂಬ ಆ ಉದ್ದನೆಯ ಚಪ್ಪಟೆ ದೋಣಿಗೆ ಹುಟ್ಟು ಇರುವುದಿಲ್ಲ. ಹಿಂತುದಿಯಲ್ಲಿ ನಿಂತವರು ನಾಲ್ಕಾಳುದ್ದದ ಗಳವನ್ನು ನೀರಿಗೆ ಇಳಿಬಿಟ್ಟು, ತಳಕ್ಕೆ ಊರಿ ನೂಕುತ್ತಾರೆ. ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ ಆ ದೋಣಿಗಳ ಪಂದ್ಯ ನಡೆಯುತ್ತದೆ. ಸೋತ ತಂಡದವರು ತಲಾ ಅರ್ಧ ಲೀಟರು ಮೀನೆಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯವನ್ನು ಅವರೇ ನಡೆಸಬೇಕು. ನೋಡುವುದಾದರೆ ಅದನ್ನು ಸೇತುವೆಯ ಮೇಲಿಂದ ನೋಡಬೇಕು. ಆದರೆ ನನಗೆ ಸೇರುತ್ತಿದ್ದುದು ಪಂದ್ಯವಲ್ಲ, ಪಂದ್ಯವಿಲ್ಲದ ಸಂಜೆ. ನನ್ನ ತರಗತಿಯ ಗೆಳತಿಯೊಬ್ಬಳು ಎರಡನೆಯ ಬೇಸಿಗೆಯಲ್ಲಿ ಗಳವನ್ನು ನನ್ನ ಕೈಗೆ ಕೊಟ್ಟು, ಒಂದೇ ಮಾತು ಹೇಳಿದಳು: ಗಳ ಕೆಸರಿನಲ್ಲಿ ಕಚ್ಚಿಕೊಂಡರೆ ಬಿಟ್ಟುಬಿಡು, ಹಿಡಿದುಕೊಂಡರೆ ನೀನೇ ನೀರಿಗೆ ಬೀಳುತ್ತೀ. ಹತ್ತು ನಿಮಿಷವೂ ಆಗಿರಲಿಲ್ಲ, ಕಚ್ಚಿಕೊಂಡಿತು. ಕೈ ಬಿಟ್ಟೆ. ದೋಣಿ ತನ್ನ ಪಾಡಿಗೆ ಮುಂದೆ ಸಾಗಿತು, ನದಿಯ ನಡುವೆ ಗಳ ಒಂದೇ ನೆಟ್ಟಗೆ ನಿಂತಿತ್ತು, ದೋಣಿಯಲ್ಲಿದ್ದವರೆಲ್ಲ ಕೈಯಿಂದ ನೀರು ತಳ್ಳುತ್ತ ಹಿಂದಕ್ಕೆ ಬರಲು ಹೆಣಗಿದರು. ನಾನು ಕ್ಷಮೆ ಕೇಳುತ್ತಿದ್ದೆ, ಅವರು ಹಾಡುತ್ತಿದ್ದರು.

ಹಾಳೆಯನ್ನು ಆಕೆ ಇಲ್ಲಿಯೇ ಬಿಟ್ಟುಹೋಗಿದ್ದಾಳೆ. ಫೇಡೆಯ ಪೊಟ್ಟಣದ ಕೆಳಗಿತ್ತು, ಒಂದು ಮೂಲೆಗೆ ತುಪ್ಪದ ಕಲೆ ಬಿದ್ದಿದೆ. ನಾಳೆ ಕೊಡಲು ಹೋಗುವಾಗ ಗ್ರಂಥಾಲಯದ ಹೆಸರನ್ನೂ ಕೆಳಗೆ ಸೇರಿಸೋಣವೆಂದು ಪೆನ್ಸಿಲು ತೆಗೆದುಕೊಂಡೆ. ನವೆಂಬರ್, ಸಂಜೆ ಐದು ಎಂದು ಬರೆದಿದ್ದೇನೆ; ಅದರ ಮುಂದೆ ಏನು ಬರೆಯಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.