ಡಾನಮ್ ಕಣಿವೆಯ ಅತ್ತಿ ಮರದ ಕೆಳಗೆ

ಬೋರ್ನಿಯೋಗೆ ಹೋಗಿಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒರಾಂಗುಟನ್ ಕಂಡಿತಾ ಅಂತ. ಕಂಡಿತು. ಆದರೆ ನಾನು ಬರೆಯಲು ಕೂತಿರುವುದು ಅದರ ಬಗ್ಗೆ ಅಲ್ಲ. ಅಲ್ಲೊಂದು ಹಕ್ಕಿಯ ಕೂಗು ಕೇಳಿದೆ. ಆ ಕೂಗಿನ ಹಿಂದಿನ ಕಥೆಯನ್ನು, ಒಂದು ಕಾಲದಲ್ಲಿ ಅಂಥದೇ ಕಾಡಿನಲ್ಲಿ ಮರ ಕಡಿಯುವ ಕೆಲಸ ಮಾಡಿದ ಒಬ್ಬರ ಬಾಯಿಂದ ಕೇಳಿದೆ. ಎರಡೂ ಸೇರಿ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿವೆ.

ನಾವು ಹೋಗಿದ್ದು ಮಲೇಷ್ಯಾದ ಸಬಾ ರಾಜ್ಯಕ್ಕೆ. ಬೋರ್ನಿಯೋ ದ್ವೀಪವನ್ನು ಮಲೇಷ್ಯಾ, ಇಂಡೋನೇಷ್ಯಾ, ಬ್ರೂನೈ ಮೂರೂ ಹಂಚಿಕೊಂಡಿವೆ. ಅದರ ಉತ್ತರದ ತುದಿಯಲ್ಲಿರುವುದು ಸಬಾ. ಒಂದು ವಿಷಯ ಮೊದಲೇ ತಿಳಿದಿರಲಿ, ಈ ರಾಜ್ಯಕ್ಕೆ ತನ್ನದೇ ಇಮಿಗ್ರೇಷನ್ ತಪಾಸಣೆ ಇದೆ. ಕ್ವಾಲಾಲಂಪುರದಲ್ಲಿ ಒಮ್ಮೆ ಮುಗಿಸಿದ್ದರೂ ಇಲ್ಲಿ ಇಳಿದಾಗ ಮತ್ತೆ ಪಾಸ್‌ಪೋರ್ಟ್ ತೋರಿಸಬೇಕು. ದೇಶದೊಳಗಿನ ವಿಮಾನ ಅಲ್ವಾ ಅಂತ ಅದನ್ನು ದೊಡ್ಡ ಬ್ಯಾಗಿಗೆ ಹಾಕಿ ಕಳಿಸಬೇಡಿ.

ಸಾಂಡಾಕನ್ ಪಕ್ಕದ ಸೆಪಿಲೋಕ್‌ನಲ್ಲಿ ಒರಾಂಗುಟನ್ ಪುನರ್ವಸತಿ ಕೇಂದ್ರವಿದೆ, 1964ರಿಂದ ನಡೆಯುತ್ತಿದೆ. ತಾಯಿ ಕಳೆದುಕೊಂಡ ಮರಿಗಳನ್ನು, ಜನ ಮನೆಯಲ್ಲಿ ಕಟ್ಟಿ ಸಾಕಿದ್ದ ಮರಿಗಳನ್ನು ತಂದು, ಮರ ಹತ್ತುವುದು, ಕೊಂಬೆ ಬಗ್ಗಿಸಿ ಗೂಡು ಮಾಡುವುದು ಎಲ್ಲ ಕಲಿಸಿ ಕಾಡಿಗೆ ಬಿಡುತ್ತಾರೆ. ಒರಾಂಗುಟನ್ ತಾಯಿ ಏಳೆಂಟು ವರ್ಷಕ್ಕೆ ಒಂದು ಮರಿ ಹಾಕುತ್ತದೆ. ಮರಿ ಅಷ್ಟು ಕಾಲವೂ ಅದರ ಜೊತೆಗಿದ್ದೇ ಎಲ್ಲ ಕಲಿಯುತ್ತದೆ. ತಾಯಿ ಕಲಿಸುವುದನ್ನು ಮನುಷ್ಯರು ಕಲಿಸಲು ಎಷ್ಟು ತಾಳ್ಮೆ ಬೇಕು ಯೋಚಿಸಿ. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಆದರೆ ಹಣ್ಣು ಇಡುವ ಹೊತ್ತಿಗೆ ಸೇರುವ ಜನಜಂಗುಳಿ, ಎತ್ತಿ ಹಿಡಿದ ಫೋನುಗಳು, ಆ ಗಲಾಟೆ ಹಿಡಿಸಲಿಲ್ಲ.

ಅಲ್ಲಿಂದ ಕಿನಬಟಾಂಗನ್ ನದಿಗೆ. 560 ಕಿಲೋಮೀಟರ್ ಉದ್ದ, ಸಬಾದಲ್ಲೇ ಅತಿ ಉದ್ದದ ನದಿ. ಸಂಜೆ ದೋಣಿಯಲ್ಲಿ ಹೊರಟರೆ ಉದ್ದಮೂಗಿನ ಕೋತಿಗಳು ಕಾಣದೇ ಇರುವುದು ಅಪರೂಪ, ಯಾಕೆಂದರೆ ಅವು ರಾತ್ರಿ ಮಲಗಲು ನದಿದಂಡೆಯ ಮರಗಳಿಗೇ ಬರುತ್ತವೆ. ಬೋರ್ನಿಯೋ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಕೋತಿ. ಮೊಸಳೆ ಕಂಡಿತು, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ತಲೆಯ ಮೇಲೇ ಹಾರಿದವು. ಇಷ್ಟೊಂದು ಪ್ರಾಣಿ ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಅಂತ ಖುಷಿಯಾಗಿತ್ತು. ಮಾರನೇ ದಿನ ರಸ್ತೆಯಲ್ಲಿ ಹೊರಟಾಗ ಕಾರಣ ಗೊತ್ತಾಯಿತು. ನದಿಯಿಂದ ಸ್ವಲ್ಪ ಆಚೆ ಬಂದರೆ ಎಣ್ಣೆತಾಳೆ ತೋಟ. ಗಂಟೆಗಟ್ಟಲೆ ಹೋದರೂ ಅದೇ ಸಾಲು, ಅದೇ ಮರ. ನದಿಯ ಎರಡು ದಂಡೆಯಲ್ಲಿ ಉಳಿದಿರುವುದು ತೆಳುವಾದ ಕಾಡಿನ ಪಟ್ಟಿ. ಪ್ರಾಣಿಗಳು ಅಲ್ಲಿ ಒತ್ತೊತ್ತಾಗಿ ಕಾಣುತ್ತಿವೆ ಅಂದರೆ ಅವಕ್ಕೆ ಬೇರೆ ಜಾಗ ಉಳಿದಿಲ್ಲ ಅಂತ ಅರ್ಥ. ಹಿಂದಿನ ಸಂಜೆಯ ಖುಷಿ ಅರ್ಧ ಅಲ್ಲೇ ಇಳಿದುಹೋಯಿತು.

ಡಾನಮ್ ಕಣಿವೆಗೆ ಹೋಗುವ ದಾರಿ ಲಹಾದ್ ದಾತು ಊರಿನಿಂದ. ಇಲ್ಲಿ ನಮಗೊಂದು ಕಿರಿಕಿರಿ ಆಯಿತು, ಇವತ್ತಿಗೂ ಸಿಟ್ಟು ಹೋಗಿಲ್ಲ. ನಾವು ಹೋಗಬೇಕಿದ್ದ ಜಾಗಕ್ಕೆ ವ್ಯಾನ್ ದಿನಾ ಹೋಗುತ್ತದೆ ಅಂತ ನಮ್ಮ ಟಿಕೆಟ್ಟು, ವಸತಿ ಎಲ್ಲ ಮಾಡಿಕೊಟ್ಟ ಏಜೆಂಟ್ ಹೇಳಿದ್ದರು. ಬಂದು ನೋಡಿದರೆ ಅವತ್ತು ವ್ಯಾನ್ ಇಲ್ಲ, ಮರುದಿನವೂ ಇಲ್ಲ. ಫೋನ್ ಮಾಡಿದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಕಾಡಿನಲ್ಲಿ ಕಳೆಯಬೇಕಾದ ಹೊತ್ತನ್ನು ಊರಿನಲ್ಲಿ ಕಳೆದೆವು. ಹೋಗುವವರು ವಿಮಾನದ ಟಿಕೆಟ್ ಮಾಡಿಸುವ ಮುಂಚೆಯೇ ನೀವು ಉಳಿಯುವ ಜಾಗಕ್ಕೆ ನೇರವಾಗಿ ಬರೆದು, ಯಾವ ದಿನ ವ್ಯಾನ್ ಇದೆ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಮಧ್ಯದವರ ಬಾಯಿಮಾತು ನಂಬಬೇಡಿ.

ಸುಮಾರು 80 ಕಿಲೋಮೀಟರ್ ದಾರಿ, ಹೆಚ್ಚಿನದು ಜಲ್ಲಿ ರಸ್ತೆ. ಮೊದಲು ತೋಟ, ಆಮೇಲೆ ಹಿಂದೆ ಕಡಿದು ಈಗ ಮತ್ತೆ ಚಿಗುರುತ್ತಿರುವ ಕಾಡು, ಕೊನೆಗೆ ಡಾನಮ್. 438 ಚದರ ಕಿಲೋಮೀಟರಿನ ಈ ರಕ್ಷಿತ ಕಾಡು ದೊಡ್ಡ ಮರ ಉರುಳಿಸುವ ಕೆಲಸದಿಂದ ತಪ್ಪಿಸಿಕೊಂಡು ಉಳಿದದ್ದು. ಒಳಗೆ ಕಾಲಿಟ್ಟಾಗ ಗೊತ್ತಾಗುವ ಮೊದಲ ಸಂಗತಿ ಎತ್ತರ. ಇಲ್ಲಿನ ದೊಡ್ಡ ಮರಗಳು ಹೆಚ್ಚಾಗಿ ಡಿಪ್ಟೆರೋಕಾರ್ಪ್ ಕುಟುಂಬದವು, ನಮ್ಮ ಧೂಪದ ಮರದ ನೆಂಟರು. ನೇರ ಕಾಂಡ, ತುಂಬಾ ಮೇಲೆ ಹೋದ ಮೇಲೇ ಮೊದಲ ಕೊಂಬೆ. ಬುಡದಲ್ಲಿ ಹಲಗೆಯಂತೆ ಎದ್ದು ನಿಂತ ಬೇರುಗಳು, ಒಂದೊಂದು ನನಗಿಂತ ಎತ್ತರ. ಇದೇ ಕಾಡಿನಲ್ಲಿ ಮೆನಾರಾ ಅಂತ ಹೆಸರಿಟ್ಟ ಒಂದು ಮರ ಇದೆ, ಹಳದಿ ಮೆರಾಂಟಿ ಜಾತಿಯದು. 2019ರಲ್ಲಿ ಒಬ್ಬರು ಅದರ ತುದಿವರೆಗೆ ಹತ್ತಿ ಟೇಪು ಇಳಿಬಿಟ್ಟು ಅಳೆದರು, 100.8 ಮೀಟರ್. ಆ ಹೊತ್ತಿಗೆ ಉಷ್ಣವಲಯದಲ್ಲಿ ಅಳೆದಿದ್ದ ಮರಗಳಲ್ಲೇ ಅತಿ ಎತ್ತರದ್ದು ಅದು.

ಇಂಬಳದ ಬಗ್ಗೆ ಒಂದು ಮಾತು. ಎಲ್ಲರೂ ಕಾಲಿಗೆ ಹಾಕುವ ಇಂಬಳದ ಕಾಲುಚೀಲ ಒಯ್ಯಿರಿ ಅಂತಾರೆ, ಸರಿ. ಆದರೆ ಇಲ್ಲಿ ನೆಲದ ಕಂದು ಇಂಬಳದ ಜೊತೆ ಹುಲಿ ಇಂಬಳ ಅಂತ ಇನ್ನೊಂದು ಇದೆ. ಮೈಮೇಲೆ ಉದ್ದುದ್ದ ಪಟ್ಟೆ. ಅದು ನೆಲದಲ್ಲಿ ಕಾಯುವುದಿಲ್ಲ, ಸೊಂಟದ ಎತ್ತರದ ಎಲೆಯ ತುದಿಯಲ್ಲಿ ಕೂತಿರುತ್ತದೆ. ಕಚ್ಚಿದಾಗ ಚುರ್ ಅನ್ನುತ್ತದೆ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳಿ.

ನಮ್ಮ ಗೈಡ್ ಅರವತ್ತು ದಾಟಿದವರು, ಅಲ್ಲಿನ ರೂಢಿಯಂತೆ ಎಲ್ಲರೂ ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದರು. ಮಾತು ಕಡಿಮೆ. ಬೆಳಿಗ್ಗೆ ಅವರು ನಮ್ಮನ್ನು ಎಲ್ಲೂ ಸುತ್ತಾಡಿಸಲಿಲ್ಲ. ಹಣ್ಣು ತುಂಬಿದ ಒಂದು ಅತ್ತಿ ಜಾತಿಯ ಮರದ ಕೆಳಗೆ ಕರೆದುಕೊಂಡು ಹೋಗಿ, "ಇಲ್ಲೇ ಕೂತುಕೊಳ್ಳಿ" ಅಂದರು. ಮಳೆಕಾಡಿನಲ್ಲಿ ಅಲೆದಾಡಿದರೆ ಪ್ರಾಣಿ ಸಿಗುವುದು ಕಡಿಮೆ. ಡಿಪ್ಟೆರೋಕಾರ್ಪ್ ಮರಗಳು ಎಷ್ಟೋ ವರ್ಷಕ್ಕೊಮ್ಮೆ ಎಲ್ಲವೂ ಒಟ್ಟಿಗೆ ಕಾಯಿ ಬಿಡುತ್ತವೆ, ಉಳಿದ ಕಾಲದಲ್ಲಿ ಸುಮ್ನೆ ನಿಂತಿರುತ್ತವೆ. ಅತ್ತಿ ಜಾತಿಯ ಮರಗಳು ಹಾಗಲ್ಲ, ಒಂದು ಮುಗಿಸಿದರೆ ಇನ್ನೊಂದು ಶುರು ಮಾಡಿರುತ್ತದೆ. ಹಾಗಾಗಿ ಹಣ್ಣು ತಿನ್ನುವ ಅರ್ಧ ಕಾಡು ಇವುಗಳ ಮೇಲೇ ಬದುಕುತ್ತದೆ.

ಗಿಬ್ಬನ್ ಅನ್ನುವ ಬಾಲವಿಲ್ಲದ ವಾನರಗಳು ದೂರದಲ್ಲಿ ಹಾಡುತ್ತಿದ್ದವು. ಆಮೇಲೆ ಆ ಕೂಗು ಶುರುವಾಯಿತು. ಮೊದಲು ಒಂದು ‘ಹೂಪ್’. ತುಂಬಾ ಹೊತ್ತು ಏನೂ ಇಲ್ಲ. ಮತ್ತೊಂದು ‘ಹೂಪ್’. ನಡುವಿನ ಬಿಡುವು ನಿಧಾನವಾಗಿ ಕಡಿಮೆಯಾಗುತ್ತಾ ಬಂತು. ಹೂಪ್, ಹೂಪ್, ಹೂಪ್‌ಹೂಪ್ ಅಂತ ಒಂದರ ಬಾಲಕ್ಕೊಂದು ಅಂಟಿಕೊಂಡು, ಕೊನೆಗೆ ತಡೆಯಲಾರದೆ ಹಾ ಹಾ ಹಾ ಹಾ ಅಂತ ದೊಡ್ಡ ನಗುವಾಗಿ ಒಡೆಯಿತು. ಇಡೀ ಕಣಿವೆಗೆ ಕೇಳುವ ನಗು. ನನ್ನ ಕೈಮೇಲಿನ ರೋಮ ಎದ್ದು ನಿಂತಿತು.

"ಹೆಲ್ಮೆಟ್ ಮಂಗಟ್ಟೆ," ಅಂದರು ಅಂಕಲ್. ಆಮೇಲೆ ಯಾರೂ ಕೇಳದೆಯೇ ಕಥೆ ಹೇಳಿದರು. ಒಬ್ಬನಿಗೆ ಅತ್ತೆಯನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಅಲ್ಲಿನ ಹಳೇ ಮನೆಗಳು ಮರದ ಕಂಬಗಳ ಮೇಲೆ ನಿಲ್ಲುವಂಥವು. ಅತ್ತೆ ಒಳಗಿದ್ದಾಗ ಅವನು ಕೊಡಲಿ ತಂದು ಕಂಬ ಕಡಿಯಲು ಶುರುಮಾಡಿದ. ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ. ಮನೆ ಕುಸಿದು ಬಿತ್ತು, ಅವನು ಬಿದ್ದು ಬಿದ್ದು ನಕ್ಕ. ಶಿಕ್ಷೆಯಾಗಿ ಅವನು ಈ ಹಕ್ಕಿಯಾದ. ಇವತ್ತಿಗೂ ಕಡಿಯುತ್ತಾ ಇದ್ದಾನೆ, ನಗುತ್ತಾ ಇದ್ದಾನೆ.

"ಅಪ್ಪ ಹೇಳುವಾಗ ನಾವೂ ನಗುತ್ತಿದ್ದೆವು," ಅಂದರು. "ಮರ ಕಡಿಯುವ ಕ್ಯಾಂಪಿಗೆ ಸೇರಿದ ಮೇಲೆ ನಗು ಬರಲಿಲ್ಲ."

ಅವರು ಕ್ಯಾಂಪಿನಲ್ಲಿದ್ದರು ಅಂತ ನಮಗೆ ಗೊತ್ತಾಗಿದ್ದೇ ಆಗ. ಹುಡುಗನಾಗಿದ್ದಾಗಲೇ ಸೇರಿದರಂತೆ, ಸಬಾದಲ್ಲಿ ಮರದ ವ್ಯಾಪಾರ ಜೋರಾಗಿ ನಡೆಯುತ್ತಿದ್ದ ಕಾಲ.

"ಏನು ಕೆಲಸ ಮಾಡುತ್ತಿದ್ದಿರಿ ಅಂಕಲ್?"

"ಮರ ಬಡಿದು ನೋಡುವುದು."

ಎದ್ದು ಹೋಗಿ ತೋರಿಸಿದರು. ಪಕ್ಕದ ಒಂದು ದೊಡ್ಡ ಮರಕ್ಕೆ ಕತ್ತಿಯ ಹಿಂಬದಿಯಿಂದ ಮೆತ್ತಗೆ ತಟ್ಟಿದರು. ಟಕ್ ಅಂದಿತು, ಗಟ್ಟಿ ಸದ್ದು. "ಇದಾದರೆ ಬಣ್ಣ ಹಚ್ಚಿ ಗುರುತು ಮಾಡುತ್ತಿದ್ದೆ. ಹಿಂದೆ ಗರಗಸದ ಯಂತ್ರ ಹಿಡಿದವರು ಬರುತ್ತಿದ್ದರು." ನಾಲ್ಕು ಹೆಜ್ಜೆ ಆಚೆ ಇನ್ನೊಂದಕ್ಕೆ ತಟ್ಟಿದರು. ಡುಮ್ ಅಂತ ಒಳಗೆಲ್ಲೋ ಗುಂಯ್‌ಗುಟ್ಟಿತು. "ಇದು ಟೊಳ್ಳು. ಇದಕ್ಕೆ ಕಾಸು ಹುಟ್ಟುವುದಿಲ್ಲ. ಬಿಟ್ಟುಬಿಡುತ್ತಿದ್ದೆವು."

"ಹಾಗಾದರೆ ಈ ಹಕ್ಕಿ ಪೊಟರೆಯಲ್ಲಿ ಗೂಡು ಮಾಡುವ ಟೊಳ್ಳು ಮರಗಳು ಉಳಿದವು ಅಲ್ವಾ?" ಅಂದೆ.

ತಲೆ ಅಲ್ಲಾಡಿಸಿದರು. "ಮೇಲೆ ನೋಡಿ, ಎಷ್ಟು ಬಳ್ಳಿ ಇವೆ. ಒಂದು ಮರಕ್ಕೂ ಇನ್ನೊಂದಕ್ಕೂ ಗಂಟು. ಒಂದು ಬಿದ್ದರೆ ಪಕ್ಕದ್ದನ್ನೂ ಎಳೆದುಕೊಂಡು ಬೀಳುತ್ತದೆ. ಟೊಳ್ಳು ಮರ ಮೊದಲು ಮುರಿಯುತ್ತದೆ. ನಾವು ಬಿಟ್ಟಿದ್ದು ಅಂತ ಲೆಕ್ಕ, ಅಷ್ಟೇ."

ಒಂದು ಮರದ ಮೇಲಿದ್ದ ಹಳೇ ಪೊಟರೆಯನ್ನು ತೋರಿಸಿದರು. ಬೈನಾಕ್ಯುಲರ್‌ನಲ್ಲಿ ನೋಡಿದೆ. ಬಾಯಿಯ ಕೆಳಗೆ ಮುಷ್ಟಿಯಂಥ ಗಂಟು. ಈ ಹಕ್ಕಿಗೆ ಬರೀ ಪೊಟರೆ ಸಾಲದು, ಹೆಣ್ಣು ಮೊಟ್ಟೆ ಇಡಲು ಒಳಗೆ ಸೇರಿ, ಸಣ್ಣ ಬಿರುಕು ಮಾತ್ರ ಬಿಟ್ಟು ಬಾಗಿಲು ಮುಚ್ಚಿಕೊಂಡ ಮೇಲೆ ಗಂಡು ಬಂದು ಕೂತು ಬಿರುಕಿನಿಂದ ಹಣ್ಣು ಕೊಡಲು ಇಂಥ ಗಂಟೂ ಬೇಕು. ಅಂಥ ಪೊಟರೆ ಸಿಗುವುದು ತುಂಬಾ ಹಳೆಯ, ತುಂಬಾ ದೊಡ್ಡ ಮರದಲ್ಲಿ ಮಾತ್ರ. ತಿಂಗಳುಗಟ್ಟಲೆ ಹೆಣ್ಣು, ಮರಿ ಇಬ್ಬರ ಹೊಟ್ಟೆಯೂ ಒಂದು ಗಂಡಿನ ಮೇಲೆ. ಸಾಕುವುದು ಒಂದೇ ಮರಿ. ಆ ಗಂಡನ್ನು ಯಾರಾದರೂ ಹೊಡೆದರೆ ಮೂರು ಜೀವಕ್ಕೂ ಕುತ್ತು.

ಹೊಡೆಯುವವರು ಇದ್ದಾರೆ. ಬೇರೆ ಮಂಗಟ್ಟೆಗಳ ಕೊಕ್ಕಿನ ಮೇಲಿನ ಕೊಂಬು ಹೆಚ್ಚುಕಡಿಮೆ ಟೊಳ್ಳು, ಇದರದ್ದು ಮುಂಭಾಗ ಗಟ್ಟಿ. ಆನೆದಂತದ ಹಾಗೆ ಕೆತ್ತಬಹುದು. ಚೀನಾದಲ್ಲಿ ಶತಮಾನಗಳಿಂದ ಅದಕ್ಕೆ ಬೇಡಿಕೆ. ಬೇಟೆ ಎಷ್ಟು ಹೆಚ್ಚಿತೆಂದರೆ 2015ರಲ್ಲಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿದರು. ಅದೇ ವರ್ಷ ಮಲೇಷ್ಯಾದ ಕಾಡಿನಲ್ಲಿ ಸುಮಾತ್ರಾ ಘೇಂಡಾಮೃಗ ಮುಗಿಯಿತು ಅಂತ ವರದಿಯಾಯಿತು. ಸಾಕಿ ಉಳಿಸಿಕೊಂಡಿದ್ದ ಕೊನೆಯ ಹೆಣ್ಣು ಇಮಾನ್ ಇದೇ ಸಬಾದಲ್ಲಿ 2019ರ ನವೆಂಬರಿನಲ್ಲಿ ಸತ್ತಿತು. ಅಂಕಲ್ ಘೇಂಡಾಮೃಗದ ಹೆಜ್ಜೆ ಕಂಡವರು. "ಮೊದಲು ಹೆಜ್ಜೆ ಕಡಿಮೆಯಾಯಿತು. ಆಮೇಲೆ ಕೊನೆಯ ಸಲ ಯಾವಾಗ ನೋಡಿದ್ದು ಅಂತ ಕ್ಯಾಂಪಿನಲ್ಲಿ ಯಾರಿಗೂ ನೆನಪಿರಲಿಲ್ಲ" ಅಂದರು.

ಇಷ್ಟರಲ್ಲಿ ನಮ್ಮ ಗುಂಪಿನಲ್ಲಿದ್ದ ಇನ್ನೊಬ್ಬ ಪ್ರವಾಸಿ ಫೋನ್ ತೆಗೆದು ಇದೇ ಹಕ್ಕಿಯ ಧ್ವನಿಮುದ್ರಣ ಜೋರಾಗಿ ಹಾಕಿದ. ಹತ್ತಿರ ಬರಲಿ, ಫೋಟೊ ಸಿಗಲಿ ಅಂತ. ದೂರದಲ್ಲಿ ಕೂಗುತ್ತಿದ್ದ ಹಕ್ಕಿ ಅರ್ಧಕ್ಕೇ ನಿಲ್ಲಿಸಿತು. ಅಂಕಲ್ ಹೋಗಿ ಅವನ ಫೋನಿನ ಮೇಲೆ ಕೈ ಇಟ್ಟರು. "ಅದು ಬೇರೆ ಗಂಡು ಬಂದಿದೆ ಅಂದುಕೊಳ್ಳುತ್ತದೆ. ತಿನ್ನುವುದು ಬಿಟ್ಟು ಹುಡುಕುತ್ತದೆ. ಬೇಡ," ಅಂದರು. ಧ್ವನಿ ಏರಿಸಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಹಕ್ಕಿಯನ್ನು ನೋಡಲು ಸಮುದ್ರ ದಾಟಿ ಬಂದವರಿಗೆ ಅದು ತಿಂಡಿ ತಿನ್ನುವಷ್ಟು ಹೊತ್ತು ಸುಮ್ಮನೆ ಕೂರಲು ಆಗುವುದಿಲ್ಲವೇ?

ಮತ್ತೆ ಕೂತೆವು. ಕತ್ತು ನೋಯುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಬಿಸಿಲೇರುವ ಹೊತ್ತಿಗೆ ದೊಡ್ಡ ರೆಕ್ಕೆಗಳು ಗಾಳಿ ಸೀಳುವ ಭಸ್ ಭಸ್ ಸದ್ದು. ಎಲೆಗಳ ನಡುವೆ ಕಪ್ಪು ಬಿಳುಪು ಏನೋ ಬಂದು ಕೂತಿತು. ಕುತ್ತಿಗೆಯಲ್ಲಿ ಗರಿ ಇಲ್ಲದ, ಸುಕ್ಕುಸುಕ್ಕಾದ ಕೆಂಪು ಚರ್ಮ, ಅಂದರೆ ಗಂಡು. ಕೊಕ್ಕಿನ ಮೇಲೆ ಕೆಂಪು, ತುದಿಗೆ ಹಳದಿ. ಬಾಲದ ನಡುವಿನ ಎರಡು ಗರಿಗಳು ಮೈಗಿಂತ ಎಷ್ಟೋ ಕೆಳಗೆ ಇಳಿಬಿದ್ದಿದ್ದವು. ಅಷ್ಟು ದೊಡ್ಡ ಕೊಕ್ಕಿನ ತುದಿಯಲ್ಲಿ ಒಂದೊಂದೇ ಹಣ್ಣು ಕಿತ್ತು, ತಲೆ ಹಿಂದಕ್ಕೆ ಎಸೆದು ಗಂಟಲಿಗೆ ಹಾಕಿಕೊಳ್ಳುತ್ತಿತ್ತು. ಅಂಕಲ್ ಬೈನಾಕ್ಯುಲರ್ ಬೇಡ ಅಂದರು, ಬರಿಗಣ್ಣಲ್ಲೇ ನೋಡುತ್ತಾ ನಿಂತಿದ್ದರು.

ನಾನೂ ಕ್ಯಾಮೆರಾ ಎತ್ತಲಿಲ್ಲ. ಇಂಥ ಕಾಡಿಗೆ ಒಂದನ್ನೇ ಒಯ್ಯುವುದಾದರೆ ಬೈನಾಕ್ಯುಲರ್ ಒಯ್ಯಿರಿ ಅಂತ ನಾನು ಹೇಳುತ್ತೇನೆ. ಕಾಡೊಳಗಿನ ಮಬ್ಬು ಬೆಳಕಿಗೆ, ಆ ಎತ್ತರಕ್ಕೆ ಫೋಟೊ ಸಾಧಾರಣವಾಗಿಯೇ ಬರುತ್ತದೆ.

ಆಮೇಲಿನ ದಿನಗಳಲ್ಲಿ ಕಾಡಿನ ಒರಾಂಗುಟನ್ ಕಂಡಿತು, ರಾತ್ರಿ ನಡಿಗೆಯಲ್ಲಿ ಹಾರುವ ಅಳಿಲು ಮರದಿಂದ ಮರಕ್ಕೆ ತೇಲಿದ್ದು ಕಂಡಿತು. ಎಲ್ಲ ಚೆನ್ನಾಗಿತ್ತು.

ಹೊರಡುವ ದಿನ, ನಿಮ್ಮ ಬಗ್ಗೆ ಬರೆಯಬಹುದಾ ಅಂತ ಅಂಕಲ್‌ನ ಕೇಳಿದೆ. "ಬರೆಯಿರಿ, ಹೆಸರು ಬೇಡ," ಅಂದರು. "ಪೊಟರೆ ಎಲ್ಲಿದೆ ಅಂತಲೂ ಬೇಡ. ಫೋಟೊ ಹಾಕುವವರಿಗೆ ಲೊಕೇಶನ್ ತೆಗೆಯಲು ಹೇಳಿ. ಬೇಟೆಗಾರರ ಹತ್ತಿರವೂ ಫೋನ್ ಇದೆ." ಹಾಗಾಗಿ ಆ ಅತ್ತಿ ಮರ ಯಾವ ಹಾದಿಯಲ್ಲಿದೆ ಅಂತ ಇಲ್ಲಿ ಬರೆದಿಲ್ಲ. ಹೇಗೂ ಅದರ ಹಣ್ಣು ಈಗ ಮುಗಿದಿರುತ್ತದೆ. ಹೋಗುವವರು ಅಲ್ಲಿನ ಗೈಡ್‌ಗಳನ್ನೇ ಕೇಳಿ, ಈ ವಾರ ಹಣ್ಣು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.